ದುರುಗಪ್ಪನ ಪಾಲಿನ ಪಾಯಿಂಟಿನಲ್ಲಿ ಶ್ರೀನಗರಕ್ಕೆ ಹಾರಿದವರು ಯಾರು?

ವಿಮಾನ ಸಂಸ್ಥೆಯ ಸದಸ್ಯರ ಪಾಯಿಂಟು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಒಬ್ಬ ಕಳ್ಳನ ಹೆಸರು ನಿಮ್ಮ ಕಂಪ್ಯೂಟರಿನಲ್ಲಿದೆ. ಅವನ ಜೊತೆ ಹೋದ ಇನ್ನೊಬ್ಬರ ಹೆಸರೂ ಇದೆ. ಅವರಿಬ್ಬರೂ ಎಂದು ಹೊರಟರು, ಯಾವ ಸೀಟಿನಲ್ಲಿ ಕುಳಿತರು, ಎಷ್ಟು ಸಾಮಾನು ಒಯ್ದರು ಎಂಬುದೆಲ್ಲ ನಿಮಗೆ ಗೊತ್ತು. ಗೊತ್ತಿದ್ದೂ ಹೇಳುವುದಿಲ್ಲ ಎನ್ನುತ್ತೀರಿ. ನೀವು ಹೇಳದೆ ಬಿಟ್ಟ ಆ ಹೆಸರಿನ ಜಾಗದಲ್ಲಿ ನಮ್ಮ ಕಡೆಯ ಜನ ನನ್ನ ಜೊತೆ ಕೆಲಸ ಮಾಡುತ್ತಿದ್ದ ದುರುಗಪ್ಪನ ಹೆಸರನ್ನು ಇಟ್ಟುಕೊಂಡು ಮಾತಾಡುತ್ತಿದ್ದಾರೆ. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ವಿವರಣೆ.

ನಿಮಗೆ ಇಮೇಲ್ ಬರೆದಿದ್ದೇನೆ. ಸಹಾಯವಾಣಿಗೆ ಫೋನ್ ಮಾಡಿ, ನಿಮ್ಮ ವೀಣಾವಾದನವನ್ನು ಪೂರ್ತಿ ಕೇಳಿದ್ದೇನೆ. ‘ನಿಮ್ಮ ಕರೆ ನಮಗೆ ಬಹಳ ಮುಖ್ಯ’ ಎಂದು ನಿಮ್ಮ ಯಂತ್ರ ಹೇಳಿದ್ದನ್ನು ಮೊದಮೊದಲು ನಂಬಿಯೂ ಇದ್ದೆ. ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮ ಸಂಸ್ಥೆಯ ಹೆಸರನ್ನು ಇಲ್ಲಿ ಹಾಕಿಲ್ಲ. ಭಯವೇನೆಂದರೆ, ದೂರಿಗೆ ಉತ್ತರ ಕಳಿಸಲು ತಿಂಗಳುಗಟ್ಟಲೆ ತೆಗೆದುಕೊಳ್ಳುವ ನಿಮ್ಮ ಕಚೇರಿ ವಕೀಲರ ನೋಟಿಸನ್ನು ಮಾತ್ರ ಮರುದಿನವೇ ಕಳಿಸೀತು. ನೀವು ಓದಿದರೆ ಇದು ನಿಮಗೇ ಬರೆದದ್ದು ಎಂದು ಗೊತ್ತಾಗುತ್ತದೆ.

ನಾನು ಹರಪನಹಳ್ಳಿ ತಾಲ್ಲೂಕಿನ ಬಾಗಳಿಯವನು. ಡಿಪ್ಲೊಮಾ ಓದಿದ್ದೇನೆ. ಗಾಳಿಯಿಂದ ಕರೆಂಟು ತೆಗೆಯುವ ಕಂಬಗಳನ್ನು ಹತ್ತಿ ರಿಪೇರಿ ಮಾಡುವುದು ನನ್ನ ನೌಕರಿ. ನಮ್ಮ ಜನ ಅವಕ್ಕೆ ಫ್ಯಾನು ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ನಮ್ಮ ಗುಡ್ಡಗಳ ಮೇಲೆ ಮಾತ್ರವಲ್ಲ, ಗುಜರಾತಿನಲ್ಲಿ, ತಮಿಳುನಾಡಿನಲ್ಲಿ ಫ್ಯಾನು ಕೆಟ್ಟು ನಿಂತರೂ ಕಂಪನಿ ನಮ್ಮನ್ನು ವಿಮಾನ ಹತ್ತಿಸಿ ಕಳಿಸುತ್ತದೆ. ಹಾಗಾಗಿ ನಾವು ನಿಮ್ಮ ಸದಸ್ಯರಾದೆವು, ಪಾಯಿಂಟು ಕೂಡಿದವು. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸಂಶಯದ ಮನುಷ್ಯ. ಬೋಲ್ಟು ಬಿಗಿಯಾಗಿದೆ ಎಂದು ಯಾರೇ ಹೇಳಲಿ, ನಾನೊಮ್ಮೆ ಪಾನಾ ಹಾಕಿ ನೋಡದೆ ಕಾಲಿಡುವುದಿಲ್ಲ. ಅಷ್ಟು ಎತ್ತರದಲ್ಲಿ ನಂಬಿಕೆ ಇಟ್ಟುಕೊಂಡು ಬದುಕಿದವರು ಕಡಿಮೆ. ನಿಮ್ಮ ಮಾತುಗಳಿಗೂ ಪಾನಾ ಹಾಕಿ ನೋಡಿದ್ದೇನೆ. ಒಂದೂ ಬಿಗಿಯಾಗಿಲ್ಲ.

ನಮ್ಮದು ಐದು ಜನರ ತಂಡ. ಹತ್ತುವವರು ನಾಲ್ವರು: ಕೊಟ್ಟೂರಿನ ಕೊಟ್ರಸ್ವಾಮಿ, ಹಡಗಲಿ ತಾಲ್ಲೂಕು ಹೊಳಲಿನ ಹುಲುಗೇಶ, ಹಗರಿಬೊಮ್ಮನಹಳ್ಳಿ ಕಡೆ ತಂಬ್ರಹಳ್ಳಿಯ ಶಿವಶಂಕರ ಮತ್ತು ನಾನು, ಸಿದ್ದಲಿಂಗ. ಐದನೆಯವನು ಕೂಡ್ಲಿಗಿಯ ದುರುಗಪ್ಪ. ನಮ್ಮೆಲ್ಲರಿಗಿಂತ ಹಿರಿಯ, ಅವನು ಹತ್ತುವುದಿಲ್ಲ. ಕೆಳಗೆ ನಿಂತು ಹಗ್ಗದಲ್ಲಿ ಸಾಮಾನು ಏರಿಸುತ್ತಾನೆ, ಗಾಳಿ ಜೋರಾದರೆ ಕೂಗಿ ಇಳಿಸುತ್ತಾನೆ. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ, ನಾವು ಮೇಲಿರುವಷ್ಟು ಹೊತ್ತು ಕೆಳಗಿನ ಸ್ವಿಚ್ಚಿನ ಹತ್ತಿರ ಯಾರೂ ಸುಳಿಯದಂತೆ ನೋಡಿಕೊಳ್ಳುತ್ತಾನೆ. ನಾವು ಒಳಗೆ ಕೈ ಹಾಕಿರುವಾಗ ಯಾರಾದರೂ ಫ್ಯಾನು ಚಾಲೂ ಮಾಡಿದರೆ ನಮ್ಮ ಮನೆಗೆ ಹೋಗುವುದು ನಾವಲ್ಲ, ನಮ್ಮ ಸುದ್ದಿ. ಹಾಗಾಗಿ ನಾವು ದಿನಾ ಜೀವವನ್ನು ಅವನ ಕೈಗೆ ಕೊಟ್ಟು ಹತ್ತುತ್ತೇವೆ. ಜೀವ ಕೊಟ್ಟವರು ಫೋನು ಕೊಡುವುದಿಲ್ಲವೇ? ಮೇಲಿನಿಂದ ಫೋನು ಬಿದ್ದರೆ ಕೆಳಗಿದ್ದವನ ತಲೆ ಉಳಿಯುವುದಿಲ್ಲ ಎಂದು ಕಂಪನಿಯ ನಿಯಮವಿದೆ. ನಾಲ್ಕೂ ಫೋನು ದುರುಗಪ್ಪನ ರೆಕ್ಸಿನ್ ಚೀಲಕ್ಕೆ ಬೀಳುತ್ತವೆ.

ಫೋನು ಬಡಿದುಕೊಂಡರೆ ಎತ್ತುವುದು ಅವನು ತಾನೇ ಹಾಕಿಕೊಂಡ ನಿಯಮ. ಹಿಂದೊಮ್ಮೆ ಶಿವಶಂಕರನ ತಾಯಿಗೆ ಮೈಯಲ್ಲಿ ಹುಷಾರಿಲ್ಲದಾಗ, ಮೇಲಿದ್ದವನಿಗೆ ಸುದ್ದಿ ಮುಟ್ಟದೆ ಮನೆಯವರು ಪರದಾಡಿದ್ದರು. ಅಂದಿನಿಂದ ಯಾರ ಫೋನು ಬಂದರೂ ದುರುಗಪ್ಪ ಎತ್ತುತ್ತಾನೆ. ‘ಅವ ಮ್ಯಾಲ ಅದಾನ್ರಿ, ಇಳಿದ ಮ್ಯಾಲ ಮಾಡಸ್ತೀನಿ’ ಎಂದು ಹೇಳಿ, ಏನು ಸಮಾಚಾರ ಎಂದು ಕೇಳಿ, ನೆನಪಿಟ್ಟುಕೊಂಡು ನಮಗೆ ಹೇಳುತ್ತಾನೆ. ನಮ್ಮ ಹೆಂಡತಿಯರು, ಸಾಲದ ಆಸೆ ತೋರಿಸುವ ಹುಡುಗಿಯರು, ಬ್ಯಾಂಕಿನವರು, ಎಲ್ಲರಿಗೂ ಅವನ ದನಿ ಪರಿಚಿತ. ನಿಮ್ಮ ಸುರಕ್ಷತಾ ಸೂಚನೆ ಬರೆದವರಿಗೆ ಇಂಥ ಮನುಷ್ಯನೊಬ್ಬ ಇರಬಹುದೆಂದು ಕನಸಿನಲ್ಲೂ ಹೊಳೆದಿರಲಾರದು. ‘ನಿಮ್ಮ ಫೋನನ್ನು ಬೇರೆಯವರಿಗೆ ಕೊಡಬೇಡಿ’ ಎಂದು ಬರೆದಿದ್ದೀರಿ. ಎರಡು ಕೈಯಲ್ಲೂ ಏಣಿ ಹಿಡಿದವನು ಯಾರಿಗೆ ಕೊಡಬೇಕು, ಸ್ವಾಮಿ?

ಈಗ ಪಾಯಿಂಟಿನ ವಿಚಾರ. ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನಾವೆಲ್ಲ ನಿನ್ನ ಹೊಲಕ್ಕೆ ಬಂದು ಕೆಲಸ ಮಾಡುತ್ತೇವೆ, ನಾಳೆ ನೀವೆಲ್ಲ ನನ್ನ ಹೊಲಕ್ಕೆ ಬನ್ನಿ. ಕೂಲಿ ಇಲ್ಲ, ಚೀಟಿ ಇಲ್ಲ, ಬಾಯಿಮಾತು. ಪಾಯಿಂಟನ್ನೂ ನಾವು ಮುಯ್ಯಾಳಿನ ಹಾಗೇ ಮಾಡಿಕೊಂಡೆವು. ಒಬ್ಬೊಬ್ಬರದೂ ಬಿಡಿಬಿಡಿಯಾಗಿ ಇದ್ದರೆ ಯಾವ ಊರಿಗೂ ಸಾಲುವುದಿಲ್ಲ, ಅಷ್ಟರಲ್ಲಿ ಅವಧಿ ಮುಗಿದು ನಿಮ್ಮ ಹೊಟ್ಟೆಗೇ ಹೋಗುತ್ತವೆ. ಎಲ್ಲವನ್ನೂ ಒಂದು ಕಡೆ ಹಾಕಿದರೆ ಒಬ್ಬರ ಮನೆಯವರು ಹಾರಬಹುದು. ನಿಮ್ಮಲ್ಲೇ ‘ಕುಟುಂಬ ಖಾತೆ’ ಎಂಬ ಸೌಲಭ್ಯವಿತ್ತು. ನನ್ನ ಹೆಸರಿನಲ್ಲಿ ತೆರೆದೆವು. ಸಂಬಂಧವೇನು ಎಂದು ಕೇಳಿದ ಕಡೆಯಲ್ಲೆಲ್ಲ ಅಣ್ಣ, ತಮ್ಮ ಎಂದು ತುಂಬಿದೆವು. ಮುಯ್ಯಾಳಿಗೆ ಬರುವವರನ್ನು ನಾವು ಕರೆಯುವುದೇ ಹಾಗೆ, ಅದರಲ್ಲಿ ಮೋಸವಿದೆ ಎಂದು ಒಬ್ಬನಿಗೂ ಅನ್ನಿಸಲಿಲ್ಲ. ಮೊದಲ ಪಾಳಿ ಶಿವಶಂಕರನದು, ಆಮೇಲೆ ಕೊಟ್ರಸ್ವಾಮಿಯದು. ಎರಡೂ ಸಲ ನೀವು ಟಿಕೆಟು ಕೊಟ್ಟು, ಶುಭ ಪ್ರಯಾಣ ಎಂದು ಸಂದೇಶವನ್ನೂ ಕಳಿಸಿದಿರಿ.

ಮೂರನೆಯ ಪಾಳಿ ದುರುಗಪ್ಪನದು. ಅವನನ್ನು ಕಂಪನಿ ವಿಮಾನ ಹತ್ತಿಸುವುದಿಲ್ಲ, ಅವನ ಹೆಸರಿನಲ್ಲಿ ಒಂದು ಪಾಯಿಂಟೂ ಇಲ್ಲ. ಹಾಗಾದರೆ ಅವನದು ಯಾವ ಪಾಲು ಎಂದು ನೀವು ಕೇಳಬಹುದು. ಪ್ರತಿವರ್ಷ ನನ್ನ ಹೊಲದ ಶೇಂಗಾ ಕೀಳಲು ರಜೆಯ ದಿನ ಕೂಡ್ಲಿಗಿಯಿಂದ ಬಾಗಳಿಗೆ ಬರುತ್ತಾನೆ. ಹುಲುಗೇಶನ ಹೊಲದಲ್ಲಿ ಮೆಕ್ಕೆಜೋಳದ ತೆನೆ ಮುರಿದಿದ್ದಾನೆ. ಕೊಟ್ರಸ್ವಾಮಿಯ ಮನೆಗೆ ಸ್ಲ್ಯಾಬು ಹಾಕಿದ ದಿನ ಬೆಳಗಿನಿಂದ ಬುಟ್ಟಿ ಹೊತ್ತಿದ್ದಾನೆ. ನಾವು ನಾಲ್ವರೂ ಪಾಯಿಂಟು ಹಾಕಿದೆವು, ಅವನು ಬೆವರು ಹಾಕಿದ. ನಿಮ್ಮ ಷರತ್ತುಗಳ ಕೊನೆಯಲ್ಲಿ, ಇರುವೆಯೂ ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರದಲ್ಲಿ, ಪಾಯಿಂಟುಗಳಿಗೆ ಯಾವ ಬೆಲೆಯೂ ಇಲ್ಲ ಎಂದು ಬರೆದಿದ್ದೀರಿ. ನಮಗೆ ಅವುಗಳ ಬೆಲೆ ಚೆನ್ನಾಗಿ ಗೊತ್ತು. ಶೇಂಗಾ ಕಿತ್ತ ಮರುದಿನ ದುರುಗಪ್ಪ ಸೊಂಟ ಹಿಡಿದುಕೊಂಡು ನಡೆಯುವುದನ್ನು ನಾನು ನೋಡಿದ್ದೇನೆ.

ಅವನಿಗೆ ಟಿಕೆಟು ಬೇಕಿದ್ದದ್ದು ಮಗಳಿಗಾಗಿ. ದುರುಗಪ್ಪನಿಗೆ ಒಬ್ಬಳೇ ಮಗಳು, ಮಾಲಾ. ಕೂಡ್ಲಿಗಿಯ ಮೈದಾನದಲ್ಲಿ ಓಡಿ ಓಡಿ ಕೇಂದ್ರದ ಭದ್ರತಾ ಪಡೆಯೊಂದಕ್ಕೆ ಆಯ್ಕೆಯಾದಳು. ತರಬೇತಿ ರಾಜಸ್ಥಾನದಲ್ಲಿ. ಅದು ಮುಗಿಯುವ ದಿನ ಪೆರೇಡು ಇರುತ್ತದೆ, ತಂದೆತಾಯಿಗಳು ಬಂದು ಮಕ್ಕಳ ಭುಜಕ್ಕೆ ಪಟ್ಟಿ ಹಚ್ಚಬಹುದು ಎಂದು ಕಾಗದ ಬಂತು. ದುರುಗಪ್ಪ ಆ ಕಾಗದವನ್ನು ಫ್ಯಾನಿನ ಬುಡಕ್ಕೆ ತಂದು ನಮ್ಮ ಕೈಯಲ್ಲಿ ಓದಿಸಿದ. ಹೊನ್ನೂರಮ್ಮ, ಅಂದರೆ ಅವನ ಹೆಂಡತಿ, ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಹೋಗಿಬರಲು ರೈಲಿನಲ್ಲಿ ವಾರ ಹಿಡಿಯುತ್ತದೆ ಎಂದರೆ ಅಡುಗೆಮನೆಗೆ ಇನ್ನೊಬ್ಬರನ್ನು ಹುಡುಕಬೇಕು. ವಿಮಾನದಲ್ಲಾದರೆ ಇಬ್ಬರೂ ಹೋಗಿಬರಬಹುದು. ಈ ಪಾಳಿ ನಿನ್ನದು ಎಂದು ನಾವು ನಾಲ್ವರೂ ಒಂದೇ ಬಾಯಲ್ಲಿ ಹೇಳಿದೆವು. ಖಾತೆಗೆ ದುರುಗಪ್ಪ, ಹೊನ್ನೂರಮ್ಮ ಇಬ್ಬರ ಹೆಸರನ್ನೂ ಸೇರಿಸಿದೆ. ಜೈಪುರಕ್ಕೆ ಎಷ್ಟು ಪಾಯಿಂಟು ಎಂದು ಹುಡುಕಿ ನೋಡಿದೆ.

ಇಲ್ಲಿಂದ ನನ್ನ ಸಂಶಯ ಶುರುವಾಗುತ್ತದೆ. ಮೊದಲ ದಿನ ನೋಡಿದಾಗ ನಮ್ಮಲ್ಲಿದ್ದ ಪಾಯಿಂಟು ಸಾಕಾಗಿ ಸ್ವಲ್ಪ ಉಳಿಯುತ್ತಿತ್ತು. ಎರಡು ದಿನ ಬಿಟ್ಟು ನೋಡಿದರೆ ಸಾಲುತ್ತಿರಲಿಲ್ಲ. ಅದೇ ವಿಮಾನ, ಅದೇ ದಿನಾಂಕ. ಕೊಟ್ಟೂರಿನ ಸಂತೆಯಲ್ಲಿ ಕಾಳು ಅಳೆಯುವವನು ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಇಟ್ಟುಕೊಂಡರೆ ಜನ ಅವನನ್ನು ಸುಮ್ಮನೆ ಬಿಡುವುದಿಲ್ಲ. ನೀವು ಸೇರನ್ನೇ ಗಂಟೆಗೊಮ್ಮೆ ಬದಲಾಯಿಸುತ್ತೀರಿ, ಅದಕ್ಕೆ ಬೇಡಿಕೆಯ ಆಧಾರದ ದರ ಎಂದು ಹೆಸರಿಟ್ಟಿದ್ದೀರಿ. ಇರಲಿ, ಶಿವಶಂಕರ ಇನ್ನೊಂದು ಸಲ ಗುಜರಾತಿಗೆ ಹೋಗಿಬಂದ, ಪಾಯಿಂಟು ಮತ್ತೆ ಸಾಲುವಷ್ಟಾಯಿತು. ಆ ಭಾನುವಾರ ಎಲ್ಲರೂ ಕೂತು ಟಿಕೆಟು ಮಾಡುವುದು ಎಂದು ಗೊತ್ತು ಮಾಡಿಕೊಂಡೆವು. ಅದಕ್ಕೂ ಮೊದಲೇ, ಶುಕ್ರವಾರ ಮಧ್ಯಾಹ್ನ ನಾವು ನಾಲ್ವರೂ ಮೇಲಿದ್ದಾಗ, ನನ್ನ ಫೋನಿಗೆ ಕರೆ ಬಂತು.

ದುರುಗಪ್ಪ ಎತ್ತಿದ. ಆ ಕಡೆಯವನು ಒಳ್ಳೆಯ ಬೆಂಗಳೂರು ಕನ್ನಡದಲ್ಲಿ ನಿಮ್ಮ ಸಂಸ್ಥೆಯ ಹೆಸರು ಹೇಳಿದನಂತೆ. ಸಿದ್ದಲಿಂಗ ಮೇಲಿದ್ದಾನೆ ಎಂದಾಗ ಫೋನು ಇಡಲಿಲ್ಲ. ನೀವು ಯಾರು ಎಂದು ಕೇಳಿದ. ಇವನು ಹೆಸರು ಹೇಳಿದ ಕೂಡಲೇ, ಓ, ದುರುಗಪ್ಪನವರೇ, ನಿಮ್ಮದೂ ಹೊನ್ನೂರಮ್ಮನವರದೂ ಜೈಪುರದ ಟಿಕೆಟಿನ ವಿಚಾರವೇ, ಪಾಯಿಂಟು ಇವತ್ತು ಸಾಯಂಕಾಲ ರದ್ದಾಗುತ್ತವೆ, ಈಗಲೇ ಖಾತ್ರಿ ಮಾಡಿ ಎಂದ. ನಮ್ಮಲ್ಲಿ ಎಷ್ಟು ಪಾಯಿಂಟಿವೆ ಎಂಬುದನ್ನೂ ಸರಿಯಾಗಿ ಹೇಳಿದ. ಹೆಂಡತಿಯ ಹೆಸರು, ತನ್ನ ಹೆಸರು, ಊರಿನ ಹೆಸರು, ಎಲ್ಲ ಸರಿಯಿರುವಾಗ ಸಂಶಯಪಡಲು ದುರುಗಪ್ಪ ನನ್ನಂಥವನಲ್ಲ. ಅಷ್ಟರಲ್ಲಿ ನನ್ನ ಫೋನಿನ ಪರದೆಯ ಮೇಲೆ ಒಟಿಪಿ ಬಂತು. ಬೀಗ ತೆಗೆಯುವ ಕಷ್ಟವೂ ಇಲ್ಲದೆ, ಅದು ಅಲ್ಲೇ ಎದ್ದು ಕಾಣುತ್ತಿತ್ತು. ಅವನು ಓದಿ ಹೇಳಿದ. ನಾನು ಇಳಿದಾಗ, ಜೈಪುರದ ಕೆಲಸ ಆಯಿತು ತಮ್ಮಾ ಎಂದು ನಗುತ್ತ ನನಗೆ ನೀರಿನ ಬಾಟಲಿ ಕೊಟ್ಟ.

ಖಾತೆ ತೆರೆದು ನೋಡಿದೆ. ಪಾಯಿಂಟು ಪೂರ್ತಿ ಖಾಲಿ. ‘ದೆಹಲಿಯಿಂದ ಶ್ರೀನಗರ, ಇಬ್ಬರು ಪ್ರಯಾಣಿಕರು’ ಎಂದಿತ್ತು. ಪ್ರಯಾಣದ ದಿನ ಮುಂದಿನ ಮಂಗಳವಾರ. ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ. ಕಳವಾದದ್ದು ಶುಕ್ರವಾರ, ವಿಮಾನ ಹೊರಡುವುದು ಮಂಗಳವಾರ. ಫ್ಯಾನಿನ ಬುಡದಲ್ಲೇ ನಿಂತು ಸಹಾಯವಾಣಿಗೆ ಫೋನ್ ಮಾಡಿದೆ. ಆ ಟಿಕೆಟು ರದ್ದು ಮಾಡಿ ಎಂದು ಬೇಡಿಕೊಂಡೆ. ನಿಮ್ಮವರು ನನ್ನ ದೂರಿಗೆ ಒಂದು ಸಂಖ್ಯೆ ಕೊಟ್ಟು, ಸಂಬಂಧಪಟ್ಟ ತಂಡ ಪರಿಶೀಲಿಸುತ್ತದೆ ಎಂದರು. ಶನಿವಾರ ಮಾಡಿದೆ, ಪರಿಶೀಲನೆಯಲ್ಲಿದೆ. ಸೋಮವಾರ ಮಾಡಿದೆ, ಪರಿಶೀಲನೆಯಲ್ಲಿದೆ. ಮಂಗಳವಾರ ವಿಮಾನ ಹೊರಟಿತು. ಇಬ್ಬರು ಕಳ್ಳರು ಗುರುತಿನ ಚೀಟಿ ತೋರಿಸಿ, ಬೆಲ್ಟು ಬಿಚ್ಚಿ, ಮತ್ತೆ ಕಟ್ಟಿ, ನಿಮ್ಮ ಸಿಬ್ಬಂದಿಯ ನಮಸ್ಕಾರ ಸ್ವೀಕರಿಸಿ ಒಳಗೆ ಹೋಗಿ ಕುಳಿತರು. ಅವರಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿರಬೇಕು ಎಂಬುದು ನನ್ನ ಊಹೆ.

ಇದಾದ ಮೇಲೆ ನಿಮ್ಮ ಉತ್ತರ ಬಂತು. ಅದರ ಮೊದಲ ಮಾತು, ಪಾಯಿಂಟು ಸದಸ್ಯರ ಆಸ್ತಿಯಲ್ಲ, ಸಂಸ್ಥೆಯ ಆಸ್ತಿ, ಆದ್ದರಿಂದ ಮರಳಿಸುವ ಹೊಣೆ ನಮಗಿಲ್ಲ ಎಂಬುದು. ಒಪ್ಪಿದೆ. ಹಾಗಾದರೆ ಕಳವಾದದ್ದು ನಿಮ್ಮ ಆಸ್ತಿ, ಪೊಲೀಸರಿಗೆ ದೂರು ಕೊಡಬೇಕಾದವರು ನೀವೇ ಅಲ್ಲವೇ? ಎರಡನೆಯ ಮಾತು, ಕುಟುಂಬ ಖಾತೆಯಲ್ಲಿ ಅಣ್ಣತಮ್ಮಂದಿರ ತಂದೆಯ ಹೆಸರೂ ಬೇರೆ ಬೇರೆ, ನೀವು ಸುಳ್ಳು ಮಾಹಿತಿ ಕೊಟ್ಟಿದ್ದೀರಿ ಎಂಬುದು. ಎರಡು ಪಾಳಿ ಟಿಕೆಟು ಕೊಡುವಾಗ ನಿಮ್ಮ ಕಣ್ಣಿಗೆ ಬೀಳದ ತಂದೆಯರು ದೂರು ಕೊಟ್ಟ ಕೂಡಲೇ ಸಾಲಾಗಿ ಎದ್ದು ನಿಂತರೇ? ಮೂರನೆಯ ಮಾತಿಗೆ ಬರುತ್ತೇನೆ, ಈ ಪತ್ರ ಬರೆಸಿದ್ದು ಅದೇ. ನೀವು ಬರೆದಿರಿ: ವ್ಯವಹಾರಕ್ಕೆ ಒಪ್ಪಿಗೆ ಕೊಟ್ಟವರು ಆ ಹೊತ್ತಿನಲ್ಲಿ ನಿಮ್ಮ ಫೋನು ಹಿಡಿದಿದ್ದ ನಿಮ್ಮ ಸಹಚರರು. ಇಂಥ ಪ್ರಕರಣಗಳಲ್ಲಿ ಲಾಭ ಪಡೆದವರು ಸಾಮಾನ್ಯವಾಗಿ ಸದಸ್ಯರ ಪರಿಚಿತರೇ ಆಗಿರುತ್ತಾರೆ. ಆ ಸಹಚರರನ್ನು ಆರೋಪಿ ಎಂದು ಹೆಸರಿಸಿ ಮೂವತ್ತು ದಿನದೊಳಗೆ ಎಫ್‌ಐಆರ್ ಕಳಿಸಿದರೆ ಮಾತ್ರ ತನಿಖೆ ಮಾಡುತ್ತೇವೆ. ಪ್ರಯಾಣಿಕರ ಹೆಸರನ್ನು ಅವರ ಖಾಸಗಿತನದ ಕಾರಣ ತಿಳಿಸಲಾಗದು.

ಕಳ್ಳರ ಖಾಸಗಿತನ! ಮಾನ್ಯರೇ, ನಮ್ಮ ಖಾತೆಯಲ್ಲಿ ಎಷ್ಟು ಪಾಯಿಂಟಿತ್ತು, ಯಾವ ಊರಿನ ಟಿಕೆಟು ಹುಡುಕಿದ್ದೆವು, ಕೂಡ್ಲಿಗಿಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳ ಹೆಸರೇನು ಎಂಬುದು ನಮ್ಮ ಐವರನ್ನು ಬಿಟ್ಟರೆ ಗೊತ್ತಿದ್ದದ್ದು ನಿಮ್ಮ ಕಂಪ್ಯೂಟರಿಗೆ ಮಾತ್ರ. ಅದು ಆ ಬೆಂಗಳೂರು ಕನ್ನಡದವನ ಬಾಯಿಗೆ ಹೇಗೆ ಹೋಯಿತು? ಹೊನ್ನೂರಮ್ಮನಿಗೆ ಖಾಸಗಿತನ ಇಲ್ಲವೇ, ಅದು ಶ್ರೀನಗರಕ್ಕೆ ಹೋಗುವವರಿಗೆ ಮಾತ್ರವೇ? ನಿಮ್ಮ ಮನೆಯೊಳಗೇ ಯಾರೋ ಕಿಟಕಿ ತೆರೆದಿಟ್ಟಿದ್ದಾರೆ ಎಂದು ನನ್ನ ಬಲವಾದ ಸಂಶಯ. ಅದನ್ನು ಹುಡುಕಲು ಹೊರಟರೆ ನಿಮ್ಮವರೇ ಸಿಕ್ಕಾರು. ಅದಕ್ಕೇ ನಿಮಗೆ ಒಬ್ಬ ದುರುಗಪ್ಪ ಬೇಕಾಗಿತ್ತು. ನನ್ನ ಸಂಶಯ ತಪ್ಪಾಗಿದ್ದರೆ ತಪ್ಪೆಂದು ತೋರಿಸುವುದು ನಿಮಗೆ ಬಹಳ ಸುಲಭ, ಇಬ್ಬರ ಹೆಸರು ಪೊಲೀಸರಿಗೆ ಕೊಟ್ಟರೆ ಮುಗಿಯಿತು.

ನಿಮ್ಮ ಪತ್ರವನ್ನು ತಂಡದವರೆಲ್ಲ ಓದಿದರು. ಮರುದಿನ ಹತ್ತುವ ಮೊದಲು ದುರುಗಪ್ಪ ಎಂದಿನಂತೆ ಚೀಲ ಮುಂದೆ ಹಿಡಿದ. ನಾವು ಮೂವರು ಫೋನು ಹಾಕಿದೆವು. ಹುಲುಗೇಶ ಜಾಕೀಟಿನ ಒಳಜೇಬಿಗೆ ಫೋನು ತುರುಕಿ ಜಿಪ್ಪು ಎಳೆದ.

‘ನಂದು ನನ್ನ ಹತ್ರನ ಇರ್ಲಿ ಬಿಡಣ್ಣ,’ ಎಂದ.

ಹುಲುಗೇಶ ಕೆಟ್ಟವನಲ್ಲ. ಅವನು ನಿಮ್ಮ ಪತ್ರವನ್ನು ನಂಬಿದ, ಅಷ್ಟೇ. ದೊಡ್ಡ ಸಂಸ್ಥೆ, ಒಳ್ಳೆಯ ಇಂಗ್ಲಿಷು, ಕೆಳಗೆ ಸಹಿ. ಸುಮ್ಮನೆ ಬರೆಯುತ್ತಾರೆಯೇ ಎಂದುಕೊಂಡ. ದುರುಗಪ್ಪ ಚೀಲದ ಬಾಯಿ ಕಟ್ಟಿ ಪಕ್ಕಕ್ಕೆ ಇಟ್ಟ. ಆ ದಿನ ನಾವು ಇಳಿಯುವವರೆಗೂ ಸ್ವಿಚ್ಚಿನ ಹತ್ತಿರದಿಂದ ಕದಲಲಿಲ್ಲ, ಊಟವನ್ನೂ ಮಾಡಲಿಲ್ಲ. ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ.

ನಾನು ಕೂಡ್ಲಿಗಿಗೆ ಹೋದೆ. ಎಫ್‌ಐಆರ್ ಗಡುವಿಗೆ ಇನ್ನೂ ದಿನಗಳಿದ್ದವು. ಅಪರಿಚಿತ ಕಳ್ಳರ ಮೇಲೆ ದೂರು ಕೊಟ್ಟರೆ ನೀವು ಒಪ್ಪುವುದಿಲ್ಲ ಎಂದು ಆಗಲೇ ಬರೆದಿದ್ದಿರಿ, ಸಹಚರನ ಹೆಸರೇ ಬೇಕು. ಅದೇ ಹೊತ್ತಿಗೆ ಮಾಲಾಳ ನೌಕರಿಯ ಸಲುವಾಗಿ ಮನೆತನ ಎಂಥದು ಎಂದು ವಿಚಾರಿಸುವ ಕಾಗದ ಪೊಲೀಸ್ ಠಾಣೆಗೆ ಬಂದಿತ್ತು. ವಿಚಾರಣೆ ಮಗಳದ್ದು, ತಂದೆಯದಲ್ಲ ಎಂದು ನನಗೂ ಗೊತ್ತು. ಆದರೆ ಅದೇ ಠಾಣೆಯ ಅದೇ ಮೇಜಿನ ಮೇಲೆ ತಂದೆಯ ಹೆಸರು ಆರೋಪಿ ಎಂದು ಬಿದ್ದಿದ್ದರೆ, ಪಕ್ಕದ ಮನೆಯವರನ್ನು ಕೇಳಲು ಬಂದ ಪೇದೆ ಏನು ಬರೆದುಕೊಂಡು ಹೋಗುತ್ತಾನೆ? ಇದನ್ನು ನಾನು ದುರುಗಪ್ಪನ ಮುಂದೆ ಹೇಳಲಿಲ್ಲ. ಅವನೇ ಹೇಳಿದ.

‘ನನ್ನ ಹೆಸರು ಬರಿ ತಮ್ಮಾ. ಓದಿ ಹೇಳಿದಾವ ನಾನ ಅಲ್ಲೇನು? ಆದ್ರ ಹುಡುಗಿ ಕಾಗದ ಸ್ಟೇಷನ್ನಿನಾಗ ಐತಿ. ಅದೊಂದು ಮುಗೀಲಿ. ಆಮ್ಯಾಲ ಏನರ ಬರ್ಕೊ.’

ನಾನು ಬರೆಯಲಿಲ್ಲ. ಕೊಟ್ರಸ್ವಾಮಿ, ಶಿವಶಂಕರ ಬರೆಯಬಾರದು ಎಂದರು. ಹುಲುಗೇಶನೂ ಕೊನೆಗೆ ಬೇಡ ಎಂದ. ಗಡುವು ಮುಗಿಯಿತು. ಗಡುವು ಮುಗಿದ ಮರುದಿನವೇ ನಿಮ್ಮಿಂದ ಪತ್ರ ಬಂತು, ಅಗತ್ಯ ದಾಖಲೆ ಸಲ್ಲಿಸದ ಕಾರಣ ಪ್ರಕರಣ ಮುಕ್ತಾಯ ಎಂದು. ನಿಮ್ಮ ಕಚೇರಿ ಇಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆ ಪತ್ರದ ಅಡಿಯಲ್ಲಿ, ಮುಂದಿನ ಪ್ರಯಾಣಕ್ಕೆ ಹೆಚ್ಚುವರಿ ಪಾಯಿಂಟು ಪಡೆಯುವುದು ಹೇಗೆ ಎಂಬ ಜಾಹೀರಾತೂ ಇತ್ತು.

ದುಡ್ಡು ಕೂಡಿಸಿ ಟಿಕೆಟು ತೆಗೆಸುತ್ತೇವೆ ಎಂದು ನಾವು ನಾಲ್ವರೂ ಹೋಗಿ ಹೇಳಿದೆವು. ಹುಲುಗೇಶನೂ ಬಂದಿದ್ದ. ದುರುಗಪ್ಪ ಬೇಡವೆಂದ. ಪಾಯಿಂಟಾದರೆ ಮುಯ್ಯಿ, ಅದನ್ನು ದುಡಿದಿದ್ದೇನೆ, ರೊಕ್ಕವಾದರೆ ಧರ್ಮ ಎಂದ. ಕಳ್ಳ ಅನ್ನಿಸಿಕೊಂಡು ಧರ್ಮದ ಟಿಕೆಟಿನಲ್ಲಿ ಹೋಗಿ ಮಗಳ ಭುಜಕ್ಕೆ ಪಟ್ಟಿ ಹಚ್ಚುವುದೇ ಎಂದು ಕೇಳಿದ. ಕೊನೆಗೆ ಹೊನ್ನೂರಮ್ಮ ಅಡುಗೆಮನೆಗೆ ಬದಲಿ ಆಳು ಇಟ್ಟು, ತಮ್ಮನನ್ನು ಕರೆದುಕೊಂಡು ರೈಲಿನಲ್ಲಿ ಹೋಗಿಬಂದಳು. ಪೆರೇಡಿನ ಪಟದಲ್ಲಿ ಮಾಲಾಳ ಒಂದು ಭುಜದ ಹತ್ತಿರ ತಾಯಿ ನಿಂತಿದ್ದಾಳೆ. ಇನ್ನೊಂದು ಭುಜದ ಪಟ್ಟಿಯನ್ನು ಯಾರೋ ಅಧಿಕಾರಿ ಹಚ್ಚುತ್ತಿದ್ದಾರೆ.

ಈಗ ದುರುಗಪ್ಪ ಊರಲ್ಲೇ ಅವರಿವರ ಹೊಲಕ್ಕೆ ಕೂಲಿಗೆ ಹೋಗುತ್ತಾನೆ. ಫೋನು ಎತ್ತುವುದಿಲ್ಲ. ಯಾರದೂ ಎತ್ತುವುದಿಲ್ಲ, ಮಗಳದ್ದೂ. ‘ಹುಡುಗಿ ದಿನಾ ಮಾಡ್ತಾಳಪ್ಪ. ಬಡ್ಕಂಡು ಬಡ್ಕಂಡು ಸುಮ್ಮನಾಗತೈತಿ. ಇವ್ರು ಅದನ್ನ ಹಾವು ನೋಡಿದಂಗ ನೋಡ್ತಾರ,’ ಎಂದು ಹೊನ್ನೂರಮ್ಮ ನನಗೆ ಹೇಳಿದಳು. ಕೆಳಗೆ ನಿಲ್ಲಲು ಕಂಪನಿ ಬೇರೊಬ್ಬನನ್ನು ಕೊಟ್ಟಿದೆ. ಒಳ್ಳೆಯವನೇ ಇರಬೇಕು. ಆದರೆ ಮೇಲೆ ಕೈ ಹಾಕುವ ಮೊದಲು ನಾಲ್ವರೂ ಒಮ್ಮೆ ಬಗ್ಗಿ ಅವನು ಎಲ್ಲಿದ್ದಾನೆ ಎಂದು ನೋಡುತ್ತೇವೆ. ನಮಗೆ ಮೊದಲು ಈ ಚಟ ಇರಲಿಲ್ಲ.

ನಾನು ಕೇಳುವುದು ಬಹಳವಿಲ್ಲ. ಪಾಯಿಂಟು ನೀವೇ ಇಟ್ಟುಕೊಳ್ಳಿ. ನಿಮ್ಮ ಆಸ್ತಿ ನಿಮ್ಮಲ್ಲೇ ಇರಲಿ, ನಾವು ಇನ್ನು ಮುಂದೆ ಒಂದನ್ನೂ ಕೂಡಿಸುವುದಿಲ್ಲ. ಮಂಗಳವಾರ ಶ್ರೀನಗರಕ್ಕೆ ಹೋದ ಇಬ್ಬರ ಹೆಸರನ್ನು ಪೊಲೀಸರಿಗೆ ನೀವಾಗಿಯೇ ಕೊಡಿ, ನಿಮ್ಮ ಆಸ್ತಿ ಕಳವಾಗಿದೆ ಎಂದು ನೀವೇ ದೂರು ಬರೆಯಿರಿ. ಅದು ಆಗುವವರೆಗೆ ಕೂಡ್ಲಿಗಿಯ ವಿಳಾಸಕ್ಕೆ, ದುರುಗಪ್ಪನ ಹೆಸರಿಗೆ, ನಿಮ್ಮ ಸಂಸ್ಥೆಯ ಮೊಹರು ಹಾಕಿ ಒಂದು ಕಾಗದ ಕಳಿಸಿ. ಕನ್ನಡದಲ್ಲಿರಲಿ. ಆ ವಿಮಾನದಲ್ಲಿ ಹೋದವರು ಇವರಲ್ಲ, ಇವರಿಗೆ ಗೊತ್ತಿರುವವರೂ ಅಲ್ಲ ಎಂಬ ಒಂದೇ ಸಾಲು ಸಾಕು. ಸುಳ್ಳು ಬರೆಯಿರಿ ಎಂದು ಕೇಳುತ್ತಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವ ಎರಡು ಹೆಸರು ನೋಡಿ, ನಿಜವಿದ್ದರೆ ಮಾತ್ರ ಬರೆಯಿರಿ. ಅದನ್ನು ಹುಲುಗೇಶ ತಾನೇ ಓದಿ ಹೇಳುತ್ತಾನಂತೆ, ಫ್ಯಾನಿನ ಬುಡದಲ್ಲಿ ಎಲ್ಲರೂ ಕೇಳುವಂತೆ.

ಕೊನೆಯದಾಗಿ ನಿಮಗೆ ಗೊತ್ತಿಲ್ಲದ ಒಂದು ಸಂಗತಿ. ಮಾಲಾಳಿಗೆ ನೇಮಕದ ಆದೇಶ ಬಂದಿದೆ. ಗಡಿಗೆ ಹಾಕುತ್ತಾರೆ ಎಂದುಕೊಂಡಿದ್ದೆವು, ವಿಮಾನ ನಿಲ್ದಾಣಕ್ಕೆ ಹಾಕಿದ್ದಾರೆ. ನಿಮ್ಮ ವಿಮಾನ ಹತ್ತಲು ಬರುವವರನ್ನು ಬಾಗಿಲಲ್ಲಿ ನಿಲ್ಲಿಸಿ, ಟಿಕೆಟು ನೋಡಿ, ಗುರುತಿನ ಚೀಟಿ ನೋಡಿ, ಮುಖ ನೋಡಿ ಒಳಗೆ ಬಿಡುವ ಕೆಲಸ. ತಂದೆಯ ತಲೆಯ ಮೇಲೆ ಕಳವು ಹೊರಿಸಿ ಹಾರಿಹೋದವನು ನಾಳೆ ಇನ್ಯಾರದೋ ಪಾಯಿಂಟಿನಲ್ಲಿ ಟಿಕೆಟು ಹಿಡಿದು ಆ ಬಾಗಿಲಿಗೇ ಬರಬಹುದು. ಅವಳು ಅವನ ಹೆಸರನ್ನು ಓದುತ್ತಾಳೆ. ಮುಖವನ್ನು ನೋಡುತ್ತಾಳೆ. ಎರಡೂ ಸರಿಯಾಗಿವೆ ಎಂದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ. ಅವನು ಯಾರೆಂದು ಅವಳಿಗೆ ಹೇಳಬಲ್ಲವರು ನೀವೊಬ್ಬರೇ.

ಇಂತಿ,
ನಿಮ್ಮ ಖಾತೆಯಲ್ಲಿ ಸೊನ್ನೆಗೆ ಇಳಿದಿದ್ದರೂ ನಿಮ್ಮ ಯಂತ್ರದಿಂದ ಇನ್ನೂ ‘ಗೌರವಾನ್ವಿತ’ ಎಂದೇ ಕರೆಸಿಕೊಳ್ಳುತ್ತಿರುವ ಸದಸ್ಯ,
ಸಿದ್ದಲಿಂಗ
ಬಾಗಳಿ, ಹರಪನಹಳ್ಳಿ ತಾಲ್ಲೂಕು